ಅಡುಗೆಮನೆ ಭಾಷೆ

ಪುಣೆಗೆ ಬಂದು ಮೂರು ವರ್ಷ ಆಯಿತು. ನನ್ನ ಮರಾಠಿ ಇನ್ನೂ ‘ಕಿತಿ ಝಾಲೆ’ (ಎಷ್ಟಾಯಿತು) ದಾಟಿಲ್ಲ, ಹೆಂಡತಿ ಮಾತ್ರ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡ್ತಾ ಮಾಡ್ತಾ ತರಕಾರಿಯವರ ಜೊತೆ ಜಗಳ ಆಡುವಷ್ಟು ಕಲಿತುಬಿಟ್ಟಿದ್ದಾಳೆ.

ನಿನ್ನೆ ನಿದ್ದೆ ಬರದೆ ಸುಮ್ನೆ ಓದುವಾಗ ಅಡೋನಿರಾಮ್ ಮತ್ತು ಆ್ಯನ್ ಜಡ್ಸನ್ ಸಿಕ್ಕಿದರು. 1813ರಲ್ಲಿ ಬರ್ಮಾದ ರಂಗೂನಿಗೆ ಹೋದ ಅಮೆರಿಕದ ಮಿಷನರಿ ದಂಪತಿ. ಆತ ದಿನವಿಡೀ ತಾಳೆಗರಿ ಮುಂದೆ ಕೂತು, ಪದಗಳ ನಡುವೆ ಜಾಗವೇ ಬಿಡದ ಆ ಬರಹದ ಜೊತೆ ಗುದ್ದಾಡುತ್ತಿದ್ದ. ಆಕೆ ಮನೆ ನಡೆಸುತ್ತಲೇ ಮಾತು ಕಲಿತಳು, ಮಾತಾಡೋದರಲ್ಲಿ ಗಂಡನಿಗಿಂತ ನಾನೇ ಮುಂದು ಅಂತ ಪತ್ರದಲ್ಲೂ ಬರೆದಳು. (ಭಾಷೆಯ ಒಳಗುಟ್ಟು ಅವರಿಗೇ ಜಾಸ್ತಿ ಗೊತ್ತು ಅಂತಲೂ ಸೇರಿಸಿದ್ದಾಳೆ, ಪಾಪ.)

ಆಮೇಲೆ ಬ್ರಿಟಿಷರ ಜೊತೆ ಯುದ್ಧ. 1824ರಲ್ಲಿ ಆತನನ್ನು ಬರ್ಮಾದ ಆಗಿನ ರಾಜಧಾನಿ ಆವಾದ ಜೈಲಿಗೆ ಹಾಕಿದರು. ಊರಿನ ರುಚಿ ಸಿಗಲಿ ಅಂತ ಆಕೆ ಎಮ್ಮೆ ಮಾಂಸ, ಬಾಳೆಹಣ್ಣು ಹಾಕಿ ಹೇಗೋ ಒಂದು ಪೈ (ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸೋ ತಿನಿಸು) ಮಾಡಿ ಕಳಿಸಿದಳಂತೆ. ಆತನಿಗೆ ಅಳು ಬಂದು ತಿನ್ನೋಕೇ ಆಗಲಿಲ್ಲ, ಜೊತೆಯ ಕೈದಿಗೆ ಕೊಟ್ಟುಬಿಟ್ಟ.

ಇವತ್ತು ನಮ್ಮನೆಯಲ್ಲಿ ಅಕ್ಕಿರೊಟ್ಟಿ. ಇಲ್ಲಿನ ಹಿಟ್ಟು ಯಾಕೋ ಒಗ್ಗೋದೇ ಇಲ್ಲ, ಹರಿದ ರೊಟ್ಟಿಯನ್ನೇ ಚಟ್ನಿಪುಡಿ ಜೊತೆ ತಿಂದೆವು.