ಆರ್ಕಿಡ್‌ಗೆ ಕುಂಡ ಯಾಕೆ, ಕೊರಡು ಸಾಕು

ತೀರ್ಥಹಳ್ಳಿ, ಹೊಸನಗರ ಕಡೆ ಈಗ ಎಷ್ಟೋ ಮನೆಗಳ ಜಗುಲಿಯಲ್ಲಿ ಆರ್ಕಿಡ್ ಕುಂಡ ಕಾಣುತ್ತದೆ. ನರ್ಸರಿಯಿಂದ ಹೂವಿನ ಸಮೇತ ತಂದಿದ್ದು, ಪುಷ್ಯ ಮಳೆ ಹೊಡೆಯುವ ಹೊತ್ತಿಗೆ ಬೇರು ಕೊಳೆತು, ಎಲೆ ಹಳದಿಯಾಗಿ ಉದುರಿ ಹೋಗುತ್ತದೆ. ನಮ್ಮ ಹವೆ ಇದಕ್ಕೆ ಆಗಲ್ಲ ಅಂತಾರೆ. ಹವೆ ಚೆನ್ನಾಗಿಯೇ ಇದೆ. ಆಗದೇ ಇರುವುದು ಕುಂಡ.

ತೋಟದ ಹಳೇ ಹಲಸಿನ ಮರದಲ್ಲಿ ಸೀತಾಳೆ ದಂಡೆ ನೋಡಿಲ್ವಾ? ಮೇ, ಜೂನ್‌ನಲ್ಲಿ ಉದ್ದಕ್ಕೆ ಜೋತು ಬೀಳುವ ಆ ನೇರಳೆ-ಬಿಳಿ ಗೊಂಚಲು? ಅದೂ ಆರ್ಕಿಡ್ಡೇ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಸುಮ್ನೆ ತೊಗಟೆ ಹಿಡಿದು ಕೂತಿರುತ್ತದೆ. ಅದರ ಬೇರಿನ ಸುತ್ತ ವೆಲಮೆನ್ ಅಂತ ಸತ್ತ ಕೋಶಗಳ ಹೊದಿಕೆ ಇದೆ. ಮಳೆ ಬಿದ್ದ ಕೂಡಲೇ ಸ್ಪಂಜಿನ ಹಾಗೆ ನೀರು ಎಳೆದುಕೊಳ್ಳುತ್ತದೆ, ಒಣಗಿದಾಗ ಬೆಳ್ಳಗೆ, ನೆನೆದಾಗ ಹಸಿರು. ನೆನೆಯಬೇಕು, ಆಮೇಲೆ ಗಾಳಿಗೆ ಆರಬೇಕು. ಈ ಆರುವುದು ನಮ್ಮ ಜುಲೈನಲ್ಲಿ ಕುಂಡದೊಳಗೆ ಎಲ್ಲಿ ಆಗುತ್ತೆ ಹೇಳಿ? ಅಂಗಡಿಯಲ್ಲಿ ಸಿಗುವ ಫೆಲನಾಪ್ಸಿಸ್, ವಾಂಡಾ, ಡೆಂಡ್ರೋಬಿಯಂಗಳೂ ಹೆಚ್ಚಾಗಿ ಮರವಾಸಿಗಳೇ. ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳ ವಿಷಯ ಬೇರೆ, ಅವು ಕುಂಡದಲ್ಲೇ ಇರಲಿ.

ಹಾಗಾಗಿ ಮರವಾಸಿ ಆರ್ಕಿಡ್‌ಗಳನ್ನು ಕುಂಡದ ಬದಲು ಮರದ ಕೊರಡಿಗೆ ಕಟ್ಟಿ. ಕೊರಡು ಅಂದರೆ ಕಾಫಿ ಗಿಡದ್ದು ನನಗೆ ತುಂಬಾ ಇಷ್ಟ. ಗಟ್ಟಿ, ಬೇಗ ಹಾಳಾಗಲ್ಲ. ಹಲಸು, ಮಾವಿನದೂ ಆಗುತ್ತದೆ. ತೊಗಟೆ ಸುಲಿಯುವ ನೀಲಗಿರಿ, ಪೇರಲೆ ಬೇಡ, ಬಣ್ಣ ಬಳಿದ ಮರವಂತೂ ಬೇಡವೇ ಬೇಡ. ತೆಂಗಿನ ಸಿಪ್ಪೆ ಕೆಲವರು ಕಟ್ಟುತ್ತಾರೆ, ಆದರೆ ನಮ್ಮ ಮಳೆಗೆ ಅದು ನೀರು ಕುಡಿದು ಕೂರುತ್ತದೆ.

ಕಟ್ಟುವುದಕ್ಕೆ ಒಳ್ಳೇ ಸಮಯ ರೋಹಿಣಿ, ಮೃಗಶಿರ ಮಳೆಯ ಆಸುಪಾಸು, ಹೊಸ ಬೇರಿನ ಹಸಿರು ತುದಿ ಹೊರಗೆ ಇಣುಕಿದ ಮೇಲೆ. ಹಳೇ ಬೇರು ಮರವನ್ನು ಹಿಡಿಯುವುದು ಕಡಿಮೆ, ಹಿಡಿಯುವುದು ಹೊಸದು. ಬಾಳೆ ನಾರು ಅಥವಾ ಹಳೇ ಹತ್ತಿ ಬಟ್ಟೆಯ ಪಟ್ಟಿಯಿಂದ ಅಲ್ಲಾಡದ ಹಾಗೆ ಬಿಗಿಯಾಗಿ ಕಟ್ಟಿ, ಯಾಕೆಂದರೆ ಗಿಡ ಅಲ್ಲಾಡಿದರೆ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ. ಬೇರು ಕಚ್ಚಿಕೊಳ್ಳುವ ಹೊತ್ತಿಗೆ ನಾರು ತಾನೇ ಕೊಳೆತು ಬೀಳುತ್ತದೆ. ಫೆಲನಾಪ್ಸಿಸ್ ಆದರೆ ಸುಳಿ ಕೆಳಕ್ಕೆ ಬಾಗಿರಲಿ, ಇಲ್ಲದಿದ್ದರೆ ಅಲ್ಲಿ ನೀರು ನಿಂತು ಕೊಳೆಯುತ್ತದೆ.

ಕಷ್ಟ ಇರುವುದು ಬೇಸಿಗೆಯಲ್ಲಿ. ಫೆಬ್ರವರಿಯಿಂದ ಮಳೆ ಬರುವವರೆಗೆ ದಿನಾ ಬೆಳಿಗ್ಗೆ ನೀರು ಹಾಕಲೇಬೇಕು, ಬಿಸಿಲು ಜಾಸ್ತಿ ಇದ್ದರೆ ಸಂಜೆಯೂ. ಮದುವೆ, ಮುಂಜಿ ಅಂತ ಊರೂರು ತಿರುಗುವವರು ಯಾರಿಗಾದರೂ ಹೇಳಿ ಹೋಗಬೇಕು. ಗೊಬ್ಬರ ತುಂಬಾ ತೆಳುವಾಗಿ ಕಲಸಿ ಚಿಮುಕಿಸಿದರೆ ಸಾಕು.

ದಯವಿಟ್ಟು ಕಾಡಿನಿಂದ ಕಿತ್ತು ತರಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇರುವುದಿಲ್ಲ, ಸರಿಯಾದ ಶಿಲೀಂಧ್ರ ಜೊತೆಯಾದರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ಮತ್ತೆ ವರ್ಷಗಳೇ ಬೇಕು. ನಿಮ್ಮದೇ ತೋಟದ ಮರದಲ್ಲಿ ಬಂದಿದ್ದರೆ ಅಲ್ಲೇ ಇರಲಿ. ಆ ಮರ ಕಡಿಸುವುದಾದರೆ ಮಾತ್ರ, ಕೊಡಲಿ ಬೀಳುವ ಮೊದಲೇ ಬೇರು ಹಿಡಿದ ತೊಗಟೆ ಸಮೇತ ಬಿಡಿಸಿ ಪಕ್ಕದ ಮರಕ್ಕೆ ಕಟ್ಟಿ.