ಶೀರ್ಷಿಕೆಯಲ್ಲಿ ‘ಅಸಾಧಾರಣ’ ಎಂದು ಹಾಕುವ ಮುನ್ನ

ಕನ್ನಡ ದಿನಪತ್ರಿಕೆಯೊಂದರ ಕ್ರೀಡಾ ಡೆಸ್ಕ್‌ನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದೇನೆ. ಮೈದಾನಕ್ಕೆ ಹೋಗಿ ವರದಿ ಮಾಡಿದ್ದು ಕಡಿಮೆ. ಏಜೆನ್ಸಿಯಿಂದ ಬಂದ ಸುದ್ದಿಯನ್ನು ಕನ್ನಡಕ್ಕೆ ತರುವುದು, ಸ್ಕೋರು ಪಟ್ಟಿ ತಾಳೆ ನೋಡುವುದು, ಪುಟ ಕಟ್ಟುವುದು, ಶೀರ್ಷಿಕೆ ಕೊಡುವುದು, ಹೆಚ್ಚಿನ ರಾತ್ರಿಗಳು ಇದರಲ್ಲೇ ಕಳೆದಿವೆ. ಕ್ರಿಕೆಟ್ ನಾಯಕನ ಬಗ್ಗೆ ಬರೆಯಲು ಕುಳಿತರೆ ನಮ್ಮ ವೃತ್ತಿಯವರ ಕೈಗೆ ತಾವಾಗಿಯೇ ಬಂದು ಕೂರುವ ಕೆಲವು ಪದಗಳಿವೆ: ದಿಟ್ಟ, ಚಾಣಾಕ್ಷ, ಅಂಜುಬುರುಕ, ಅಸಾಧಾರಣ. ಈ ಕೊನೆಯ ಪದದ ವಿಷಯದಲ್ಲಿ ನಾನು ಮೂರು ಬಾರಿ ಎಡವಿದ್ದೇನೆ. ಎರಡು ಬಾರಿ 2007ರಲ್ಲಿ, ಆರೇ ವಾರಗಳ ಅಂತರದಲ್ಲಿ, ಓದುಗರ ಕಣ್ಣೆದುರು. ಮೂರನೆಯ ಬಾರಿ ಕೆಲವು ವರ್ಷಗಳ ನಂತರ, ಕಚೇರಿಯ ನಾಲ್ಕು ಗೋಡೆಗಳ ಒಳಗೆ.

ಮೊದಲನೆಯದು ಓವಲ್ ಟೆಸ್ಟ್‌ನದು. ಆ ವರ್ಷದ ಆಗಸ್ಟ್‌ನಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ತಂಡ ಇಂಗ್ಲೆಂಡ್‌ನಲ್ಲಿ ಮೂರು ಟೆಸ್ಟ್‌ಗಳ ಸರಣಿ ಆಡುತ್ತಿತ್ತು. ಲಾರ್ಡ್ಸ್‌ನಲ್ಲಿ ಕೊನೆಯ ಜೋಡಿ ಮತ್ತು ಮಳೆ ಸೇರಿ ತಂಡವನ್ನು ಉಳಿಸಿದ್ದವು. ಟ್ರೆಂಟ್ ಬ್ರಿಜ್‌ನಲ್ಲಿ ಏಳು ವಿಕೆಟ್‌ಗಳಿಂದ ಗೆದ್ದಾಗಿತ್ತು. ಮೂರನೆಯ ಟೆಸ್ಟ್‌ನಲ್ಲಿ ಭಾರತ 664 ರನ್ ಪೇರಿಸಿತು. ಅನಿಲ್ ಕುಂಬ್ಳೆ ತಮ್ಮ ಟೆಸ್ಟ್ ಜೀವನದ ಏಕೈಕ ಶತಕ ಬಾರಿಸಿದ್ದು ಇದೇ ಇನಿಂಗ್ಸ್‌ನಲ್ಲಿ, ಹಾಗಾಗಿ ಬೆಂಗಳೂರಿನ ನಮ್ಮ ಡೆಸ್ಕ್‌ನಲ್ಲಿ ಅಂದು ಹಬ್ಬದ ವಾತಾವರಣವಿತ್ತು. ಇಂಗ್ಲೆಂಡ್ 345 ರನ್‌ಗೆ ಆಲೌಟ್ ಆಯಿತು. ಮುನ್ನಡೆ 319 ರನ್. ಫಾಲೋಆನ್ ಹೇರುವುದು, ಅಂದರೆ ಹಿಂದೆ ಬಿದ್ದ ತಂಡವನ್ನೇ ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸುವುದು, ಖಚಿತವೆಂದುಕೊಂಡು ನಾನು ಪುಟದ ನಕ್ಷೆಯನ್ನೂ ಹಾಗೆಯೇ ಹಾಕಿಕೊಂಡಿದ್ದೆ.

ದ್ರಾವಿಡ್ ಫಾಲೋಆನ್ ಹೇರಲಿಲ್ಲ. ಎರಡನೆಯ ಇನಿಂಗ್ಸ್‌ನಲ್ಲಿ ಭಾರತ 11 ರನ್ ಆಗುವಷ್ಟರಲ್ಲಿ ಮೂರು ವಿಕೆಟ್ ಕಳೆದುಕೊಂಡಿತು. ಕ್ರೀಸಿಗೆ ಬಂದ ನಾಯಕ 96 ಎಸೆತ ಎದುರಿಸಿ ಗಳಿಸಿದ್ದು 12 ರನ್. ಕೊನೆಗೆ 6 ವಿಕೆಟ್‌ಗೆ 180ಕ್ಕೆ ಡಿಕ್ಲೇರ್ ಮಾಡಿ 500 ರನ್ ಗುರಿ ನೀಡಿದರು. ಇಂಗ್ಲೆಂಡ್ 6 ವಿಕೆಟ್‌ಗೆ 369 ರನ್ ಮಾಡಿ ಪಂದ್ಯ ಡ್ರಾ ಮಾಡಿಕೊಂಡಿತು. ಸರಣಿ ಭಾರತದ್ದಾಯಿತು. ಮರುದಿನದ ನಮ್ಮ ಪುಟದಲ್ಲಿ ಸರಣಿ ಗೆದ್ದ ಸುದ್ದಿಯ ಪಕ್ಕದಲ್ಲೇ, ನಾನೇ ಬರೆದ ಎರಡು ಕಾಲಂಗಳ ಚೌಕಟ್ಟೊಂದಿತ್ತು. ಅದರಲ್ಲಿ ‘ಅಂಜಿಕೆಯ ನಾಯಕತ್ವ’ ಎಂಬ ಮಾತನ್ನು ಎರಡು ಸಲ ಬಳಸಿದ್ದೆ. ಅಸಾಧಾರಣ ನಾಯಕನಾಗಿದ್ದರೆ 2–0 ಮಾಡುತ್ತಿದ್ದ ಎಂಬುದು ನನ್ನ ವಾದದ ತಿರುಳಾಗಿತ್ತು.

ನನ್ನ ವಾದದಲ್ಲಿ ಇಲ್ಲದೆ ಹೋದದ್ದು ಏನೆಂಬುದನ್ನು ಈಗ ಬರೆಯಬಲ್ಲೆ. ತಂಡದಲ್ಲಿದ್ದವರು ನಾಲ್ವರು ಬೌಲರ್‌ಗಳು ಮಾತ್ರ, ಅವರು ಆಗಷ್ಟೇ ಒಂದು ದೀರ್ಘ ಇನಿಂಗ್ಸ್‌ನಲ್ಲಿ ಬೆವರು ಸುರಿಸಿ ಬಂದಿದ್ದರು. ಇಂಗ್ಲೆಂಡ್ ನೆಲದಲ್ಲಿ ಭಾರತ ಅದಕ್ಕೆ ಮೊದಲು ಗೆದ್ದ ಟೆಸ್ಟ್ ಸರಣಿಗಳು ಎರಡೇ: 1971ರಲ್ಲಿ ಅಜಿತ್ ವಾಡೇಕರ್, 1986ರಲ್ಲಿ ಕಪಿಲ್ ದೇವ್ ನಾಯಕತ್ವದಲ್ಲಿ. ಡ್ರಾ ಸಾಕಾಗಿದ್ದವನಿಗೆ ಸೋಲಿನ ಬಾಗಿಲನ್ನು ಒಂದಿಂಚು ತೆರೆದಿಡುವುದರಿಂದ ದೊರೆಯುವ ಲಾಭ ಅಲ್ಪ, ಆಗಬಹುದಾದ ನಷ್ಟ ಇಪ್ಪತ್ತೊಂದು ವರ್ಷಗಳ ಕಾಯುವಿಕೆ. ಇದಲ್ಲದೆ, 2001ರಲ್ಲಿ ಕೋಲ್ಕತ್ತದಲ್ಲಿ 274 ರನ್ ಮುನ್ನಡೆಯೊಂದಿಗೆ ಸ್ಟೀವ್ ವಾ ಫಾಲೋಆನ್ ಹೇರಿದಾಗ, ಲಕ್ಷ್ಮಣ್ ಜೊತೆ ಇಡೀ ದಿನ ಬ್ಯಾಟ್ ಮಾಡಿ ಆ ನಿರ್ಧಾರವನ್ನು ತಲೆಕೆಳಗು ಮಾಡಿದವರು ಇದೇ ದ್ರಾವಿಡ್. ಫಾಲೋಆನ್ ಎಂಬ ಅಸ್ತ್ರ ಹೇರಿದವನ ಕಡೆಗೇ ತಿರುಗಬಹುದು ಎಂಬುದನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಆ ಮೈದಾನದಲ್ಲಿ ಹೆಚ್ಚಿರಲಿಲ್ಲ. ಇಷ್ಟೂ ಸಂಗತಿಗಳು ನಮ್ಮದೇ ಹಳೆಯ ಪುಟಗಳಲ್ಲಿದ್ದವು. ತೆಗೆದು ನೋಡುವ ವ್ಯವಧಾನ ನನಗಿರಲಿಲ್ಲ. ಆನಂತರ ಇಂಗ್ಲೆಂಡ್‌ಗೆ ಹೋದ ಭಾರತದ ಯಾವ ನಾಯಕನೂ ಟೆಸ್ಟ್ ಸರಣಿ ಗೆದ್ದಿಲ್ಲ. 2025ರದು ಕೂಡ 2–2ರಲ್ಲಿ ಸಮವಾಯಿತು. ಆದರೆ ಓವಲ್‌ನ ಆ ಮಂದಗತಿಯ ಸಂಜೆಯನ್ನು ಯಾರಾದರೂ ಅಸಾಧಾರಣ ಎಂದು ಕರೆದದ್ದನ್ನು ನಾನು ಇಂದಿಗೂ ಕೇಳಿಲ್ಲ.

ಎರಡನೆಯದು ಸೆಪ್ಟೆಂಬರ್ 24ರ ರಾತ್ರಿಯದು. ಅಷ್ಟರಲ್ಲಿ ದ್ರಾವಿಡ್ ನಾಯಕತ್ವ ಬಿಟ್ಟುಕೊಟ್ಟಿದ್ದರು. ಮಹೇಂದ್ರ ಸಿಂಗ್ ಧೋನಿ ನಾಯಕತ್ವದ ತಂಡ ಜೊಹಾನೆಸ್‌ಬರ್ಗ್‌ನಲ್ಲಿ ಮೊದಲ ಟ್ವೆಂಟಿ–20 ವಿಶ್ವಕಪ್‌ನ ಫೈನಲ್ ಆಡುತ್ತಿತ್ತು. ಗೆಲ್ಲಲು 158 ರನ್ ಬೇಕಿದ್ದ ಪಾಕಿಸ್ತಾನಕ್ಕೆ ಕೊನೆಯ ಓವರ್‌ನಲ್ಲಿ 13 ರನ್ ಉಳಿದಿತ್ತು, ಕೈಯಲ್ಲಿ ಒಂದೇ ವಿಕೆಟ್, ಕ್ರೀಸಿನಲ್ಲಿ ಮಿಸ್ಬಾ ಉಲ್ ಹಕ್. ಧೋನಿ ಚೆಂಡನ್ನು ಜೋಗಿಂದರ್ ಶರ್ಮಾ ಕೈಗಿತ್ತರು. ಮೊದಲು ವೈಡ್, ಬಳಿಕ ರನ್ ಇಲ್ಲದ ಎಸೆತ, ಆಮೇಲೆ ಸಿಕ್ಸರ್. ನಂತರದ ಎಸೆತವನ್ನು ಮಿಸ್ಬಾ ಹಿಂದಕ್ಕೆ ಎತ್ತಿ ಶ್ರೀಶಾಂತ್ ಕೈಗೆ ಕ್ಯಾಚಿತ್ತರು. ಐದು ರನ್ ಗೆಲುವು. ಕಚೇರಿಯಲ್ಲಿ ಅಚ್ಚಿನ ಮನೆಯವರೂ ಮೇಲೆ ಬಂದು ಟಿವಿ ಮುಂದೆ ಕುಣಿಯುತ್ತಿದ್ದರು. ನಾನು ಐದು ನಿಮಿಷದಲ್ಲಿ ಶೀರ್ಷಿಕೆ ಕೊಟ್ಟೆ: ‘ಧೋನಿಯ ಅಸಾಧಾರಣ ಜೂಜು’.

ಮಾರನೆಯ ದಿನ ಮಧ್ಯಾಹ್ನ ನಮ್ಮ ಮುಖ್ಯ ಉಪಸಂಪಾದಕರು ಪುಟವನ್ನು ಮಡಚಿ ಹಿಡಿದುಕೊಂಡೇ ನನ್ನ ಮೇಜಿನ ಬಳಿ ಬಂದರು. ಅವರು ಜೋರಾಗಿ ಮಾತನಾಡಿದವರೇ ಅಲ್ಲ.

“ಜೂಜು ಅಂತ ಹಾಕಿದ್ದೀಯಲ್ಲಪ್ಪಾ, ಶನಿವಾರ ಡರ್ಬನ್‌ನಲ್ಲಿ ಕೊನೇ ಓವರ್ ಹಾಕಿದ್ದು ಯಾರು?”

ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಕೊನೆಯ ಓವರ್‌ನಲ್ಲಿ 22 ರನ್ ಬೇಕಿದ್ದಾಗ ಬೌಲ್ ಮಾಡಿ, ಆರೇ ರನ್ ಕೊಟ್ಟು ಎರಡು ವಿಕೆಟ್ ಕಿತ್ತವರು ಜೋಗಿಂದರ್ ಶರ್ಮಾ. ಭಾನುವಾರದ ಆ ಪುಟ ಕಟ್ಟಿದವನು ನಾನೇ. ಅವರು ಅಷ್ಟಕ್ಕೇ ಬಿಡದೆ ಫೈನಲ್‌ನ ಬೌಲಿಂಗ್ ಪಟ್ಟಿಯ ಮೇಲೆ ಪೆನ್ನಿನಿಂದ ಗೀಟು ಎಳೆಯುತ್ತ ಹೋದರು. ಆರ್.ಪಿ. ಸಿಂಗ್, ಇರ್ಫಾನ್ ಪಠಾಣ್, ಶ್ರೀಶಾಂತ್ ಮೂವರದೂ ನಾಲ್ಕು ಓವರ್ ಮುಗಿದಿತ್ತು. ಪರಿಣತ ಬೌಲರ್‌ಗಳಲ್ಲಿ ಉಳಿದವರು ಇಬ್ಬರು. ಹರಭಜನ್ ಸಿಂಗ್ ಮೂರು ಓವರ್‌ಗೆ 36 ರನ್ ಕೊಟ್ಟಿದ್ದರು, ಅವರ ಹಿಂದಿನ ಓವರ್‌ನಲ್ಲಿ ಮಿಸ್ಬಾ ಮೂರು ಸಿಕ್ಸರ್ ಎತ್ತಿದ್ದರು. ಜೋಗಿಂದರ್ ಮೂರು ಓವರ್‌ಗೆ ಕೊಟ್ಟಿದ್ದು 13 ರನ್. ಆ ಎರಡು ಸಾಲುಗಳನ್ನು ಒಂದರ ಕೆಳಗೊಂದು ಓದಿದರೆ, ಹರಭಜನ್‌ಗೆ ಚೆಂಡು ಕೊಡುವುದನ್ನೇ ಜೂಜು ಎನ್ನಬೇಕಿತ್ತು. ದೊಡ್ಡ ಹೆಸರಿನವನನ್ನು ಬಿಟ್ಟು ಹೆಸರಿಲ್ಲದವನನ್ನು ಆರಿಸಲು ಧೈರ್ಯ ಬೇಕೆಂಬುದು ನಿಜ. ಸೋತಿದ್ದರೆ ಧೋನಿಯನ್ನು ಜನ ಸುಮ್ಮನೆ ಬಿಡುತ್ತಿರಲಿಲ್ಲ ಎಂಬುದೂ ನಿಜ, ಸೋತಿದ್ದರೆ ನಾನು ಅದೇ ಜಾಗದಲ್ಲಿ ‘ದುಬಾರಿ ಜೂಜು’ ಎಂದು ಹಾಕುತ್ತಿದ್ದೆ. ನಿರ್ಧಾರ ಒಂದೇ, ವಿಶೇಷಣವನ್ನು ಮಾತ್ರ ಶ್ರೀಶಾಂತ್ ಹಿಡಿದ ಕ್ಯಾಚು ಆರಿಸಿಕೊಟ್ಟಿತ್ತು.

ಅಂದಿನಿಂದ ನಾನೊಂದು ರೂಢಿ ಮಾಡಿಕೊಂಡೆ. ನಾಯಕನ ನಿರ್ಧಾರದ ಬಗ್ಗೆ ಒಂದು ವಾಕ್ಯ ಬರೆಯುವ ಮೊದಲು, ಆ ಗಳಿಗೆಯಲ್ಲಿ ಅವನಿಗೆ ಏನೇನು ಗೊತ್ತಿತ್ತು, ಅವನ ಮುಂದೆ ಬೇರೆ ಯಾವ ದಾರಿಗಳಿದ್ದವು ಎಂಬುದನ್ನು ರದ್ದಿ ಕಾಗದದ ಮೇಲೆ ಗೀಚಿಕೊಳ್ಳುವುದು. ಫಲಿತಾಂಶವನ್ನು ಆ ಕಾಗದದಲ್ಲಿ ಬರೆಯದಿರುವುದು. ಹೀಗೆ ಮಾಡಿದಾಗಲೂ ಎಲ್ಲವೂ ಸಿಗುವುದಿಲ್ಲ. 2008ರ ಜನವರಿಯಲ್ಲಿ ಪರ್ತ್ ಟೆಸ್ಟ್‌ನಲ್ಲಿ ಇಶಾಂತ್ ಶರ್ಮಾ ರಿಕಿ ಪಾಂಟಿಂಗ್ ವಿಕೆಟ್ ಪಡೆದಾಗ ನಾವೆಲ್ಲ ಹತ್ತೊಂಬತ್ತರ ಆ ಹುಡುಗನ ಬಗ್ಗೆಯೇ ಬರೆದೆವು. ನಾಯಕ ಅನಿಲ್ ಕುಂಬ್ಳೆ ಬೌಲರ್ ಬದಲಿಸಲು ಹೊರಟಿದ್ದರು, ದೆಹಲಿ ತಂಡದಲ್ಲಿ ಈ ಹುಡುಗ ದೀರ್ಘ ಸ್ಪೆಲ್ ಹಾಕುವುದನ್ನು ಬಲ್ಲ ಸೆಹ್ವಾಗ್ ಬಂದು ಇನ್ನೊಂದು ಓವರ್ ಕೊಡಿ ಎಂದರು, ಕುಂಬ್ಳೆ ತಮ್ಮ ಯೋಚನೆ ಕೈಬಿಟ್ಟು ಇಶಾಂತ್‌ರನ್ನೇ ಕೇಳಿ ಚೆಂಡು ಕೊಟ್ಟರು, ಆ ಓವರ್‌ನಲ್ಲೇ ಪಾಂಟಿಂಗ್ ಸ್ಲಿಪ್‌ನಲ್ಲಿದ್ದ ದ್ರಾವಿಡ್‌ಗೆ ಕ್ಯಾಚಿತ್ತರು ಎಂಬ ವಿವರ ಸ್ಕೋರು ಪಟ್ಟಿಯಲ್ಲಿ ಬರುವಂಥದ್ದಲ್ಲ. ಭಾರತ 72 ರನ್‌ಗಳಿಂದ ಗೆದ್ದು ಆಸ್ಟ್ರೇಲಿಯಾದ ಸತತ 16 ಗೆಲುವುಗಳ ಓಟಕ್ಕೆ ತಡೆ ಹಾಕಿದ ಆ ಪಂದ್ಯದಲ್ಲಿ, ನಾಯಕ ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ತಾನು ಮಾಡಬೇಕೆಂದಿದ್ದನ್ನು ಮಾಡದಿದ್ದದ್ದು.

ಇಷ್ಟೆಲ್ಲ ಕಲಿತ ಮೇಲೂ ಮೂರನೆಯ ತಪ್ಪು ಮಾಡಿದೆ ಎನ್ನುವುದನ್ನು ಹೇಳಲು ಸಂಕೋಚವಾಗುತ್ತದೆ. ಡೆಸ್ಕ್‌ನ ಹೊಣೆ ನನ್ನ ಹೆಗಲಿಗೆ ಬಂದ ಮೊದಲ ವರ್ಷ, ಸಹೋದ್ಯೋಗಿಗಳ ವಾರ್ಷಿಕ ಮೌಲ್ಯಮಾಪನದ ನಮೂನೆ ತುಂಬಬೇಕಾಯಿತು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ‘ಅಸಾಧಾರಣ’ ಎಂದೇ ಇತ್ತು. ಅದನ್ನು ಒಬ್ಬರಿಗೆ ಮಾತ್ರ ಕೊಡಬಹುದಿತ್ತು. ನಾನು ಕೊಟ್ಟದ್ದು ಒಬ್ಬ ಯುವಕನಿಗೆ. ಪಂದ್ಯವೊಂದು ಕೊನೆಯ ಗಳಿಗೆಯಲ್ಲಿ ತಿರುವು ಪಡೆದ ರಾತ್ರಿ, ಇಡೀ ಪುಟವನ್ನು ಇಪ್ಪತ್ತು ನಿಮಿಷದಲ್ಲಿ ಹೊಸದಾಗಿ ಕಟ್ಟಿ ನಗರ ಆವೃತ್ತಿಗೆ ತಲುಪಿಸಿದ್ದ. ಸಂಪಾದಕರೇ ಬಂದು ಬೆನ್ನು ತಟ್ಟಿದ್ದರು. ಅದೇ ಡೆಸ್ಕ್‌ನಲ್ಲಿ ಒಬ್ಬ ಹೆಣ್ಣುಮಗಳಿದ್ದರು. ತಡವಾಗಿ ಮುಗಿಯುವ ಪಂದ್ಯವಿದ್ದಾಗಲೆಲ್ಲ ಗೆದ್ದರೊಂದು, ಸೋತರೊಂದು ಎಂದು ಎರಡು ಪುಟಗಳನ್ನು ಸಂಜೆಯೇ ಸಿದ್ಧಮಾಡಿಟ್ಟು, ಪಂದ್ಯ ಮುಗಿದ ಮೇಲೆ ಅಂಕಿಗಳನ್ನು ಮಾತ್ರ ತುಂಬಿ ಮನೆಗೆ ಹೋಗುತ್ತಿದ್ದರು. ಅವರ ವಿಷಯದಲ್ಲಿ ನನಗೆ ಬರೆಯಲು ಘಟನೆಯೇ ಸಿಗಲಿಲ್ಲ. ‘ತೃಪ್ತಿಕರ’ ಎಂದು ಬರೆದೆ.

ಅವರು ಜಗಳವಾಡಲಿಲ್ಲ. “ಸಾರ್, ನನ್ನ ಪುಟ ಒಂದು ದಿನಾನಾದ್ರೂ ತಡ ಆಗಿದ್ಯಾ?” ಎಂದಷ್ಟೇ ಕೇಳಿದರು. ದಾಖಲೆ ಪುಸ್ತಕ ತೆಗೆದು ನೋಡಿದೆ. ಆ ವರ್ಷ ಒಂದು ದಿನವೂ ಆಗಿರಲಿಲ್ಲ. ಬೆನ್ನು ತಟ್ಟಿಸಿಕೊಂಡವನ ಪುಟ ಹಲವು ಬಾರಿ ತಡವಾಗಿತ್ತು. ಅಂದಿನ ಆ ಇಪ್ಪತ್ತು ನಿಮಿಷದ ಸಾಹಸ ಬೇಕಾದದ್ದೂ ಅವನು ಎರಡನೆಯ ಪುಟ ಮಾಡಿಟ್ಟುಕೊಳ್ಳದಿದ್ದುದರಿಂದಲೇ. ಓವಲ್‌ನಲ್ಲಿ 96 ಎಸೆತ ಆಡಿದವರನ್ನು ನಾನು ಎರಡನೆಯ ಸಲ ಅಂಜುಬುರುಕ ಎಂದಂತಾಗಿತ್ತು. ಮುಂದಿನ ವರ್ಷ ದರ್ಜೆ ಸರಿಪಡಿಸಿದೆ, ಕಾರಣವನ್ನು ಸಂಪಾದಕರಿಗೆ ಲಿಖಿತವಾಗಿಯೂ ತಿಳಿಸಿದೆ. ಆದರೆ ಒಂದು ವರ್ಷದ ಇನ್‌ಕ್ರಿಮೆಂಟ್‌ನಲ್ಲಿ ಅವರಿಗಾದ ನಷ್ಟವನ್ನು ಆಡಳಿತ ವಿಭಾಗ ತುಂಬಿಕೊಡಲಿಲ್ಲ, ಆ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ.

2013ರ ಜೂನ್ 23ರಂದು ಚಾಂಪಿಯನ್ಸ್ ಟ್ರೋಫಿ ಫೈನಲ್ ದಿನ ಬರ್ಮಿಂಗ್‌ಹ್ಯಾಂನಲ್ಲಿ ಮಳೆ ಸುರಿದು, ಪಂದ್ಯ 20 ಓವರ್‌ಗಳಿಗೆ ಇಳಿಯಿತು. ನಮ್ಮಲ್ಲಿ ಮಧ್ಯರಾತ್ರಿ ದಾಟಿದರೂ ಆಟ ಮುಗಿದಿರಲಿಲ್ಲ. ಇಂಗ್ಲೆಂಡ್‌ಗೆ 18 ಎಸೆತಗಳಲ್ಲಿ 28 ರನ್ ಬೇಕಿದ್ದಾಗ ಧೋನಿ ಅಂದು ದುಬಾರಿಯಾಗಿದ್ದ ಇಶಾಂತ್‌ಗೆ ಚೆಂಡು ಕೊಟ್ಟರು. ಒಂದು ಸಿಕ್ಸರ್, ಎರಡು ವೈಡ್, ಅದರ ಬೆನ್ನಿಗೇ ಸತತ ಎರಡು ಎಸೆತಗಳಲ್ಲಿ ಮಾರ್ಗನ್ ಮತ್ತು ಬೊಪಾರ ಔಟ್. ಜಡೇಜ, ಅಶ್ವಿನ್ ಉಳಿದೆರಡು ಓವರ್ ಹಾಕಿ ಐದು ರನ್‌ಗಳಿಂದ ಗೆಲ್ಲಿಸಿದರು. ಹೊಸದಾಗಿ ಸೇರಿದ್ದ ತರಬೇತಿಯ ಹುಡುಗನೊಬ್ಬ ಶೀರ್ಷಿಕೆ ಬರೆದು ತಂದ: ‘ಧೋನಿಯ ಅಸಾಧಾರಣ ಜೂಜು’. ನನ್ನ ಹಳೆಯ ಪುಟವನ್ನು ಅವನು ನೋಡಿರಲು ಸಾಧ್ಯವಿರಲಿಲ್ಲ.

ರದ್ದಿ ಕಾಗದ ತೆಗೆದುಕೊಂಡು ಬೌಲಿಂಗ್ ಪಟ್ಟಿ ನೋಡಿದೆವು. ಭುವನೇಶ್ವರ್ ಕುಮಾರ್, ಉಮೇಶ್ ಯಾದವ್ ಇಬ್ಬರಿಗೂ ಓವರ್‌ಗಳು ಉಳಿದಿದ್ದವು, ಇಬ್ಬರೂ ಇಶಾಂತ್‌ಗಿಂತ ಕಡಿಮೆ ರನ್ ಕೊಟ್ಟಿದ್ದರು. ಈ ಸಲ ಅದು ಜೂಜೇ ಆಗಿತ್ತು. ‘ಜೂಜು’ ಇರಲಿ ಎಂದು ಹೇಳಿ, ‘ಅಸಾಧಾರಣ’ವನ್ನು ಹೊಡೆದುಹಾಕಿದೆ. ಅಷ್ಟು ಹೊತ್ತಿಗೆ ಆಕೆ ಗೆಲುವಿನ ಪುಟಕ್ಕೆ ಅಂಕಿಗಳನ್ನು ತುಂಬಿ, ಶೀರ್ಷಿಕೆಯ ಜಾಗ ಖಾಲಿ ಬಿಟ್ಟು ನಮಗಾಗಿ ಕಾಯುತ್ತ ಕುಳಿತಿದ್ದರು.