ಮಹಡಿಯ ಮೇಲೆ ಧೂಳಿನ ಲೆಕ್ಕ: ಹತ್ತೊಂಬತ್ತನೆಯ ದಿನ

ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿಂದ ಹಾರಿ ಬರುವ ಧೂಳಿನ ಗಾತ್ರವೆಷ್ಟು ಎಂದು ತಿಳಿಯುವುದು ಉದ್ದೇಶ. ಸಾಮಗ್ರಿ ಹೆಚ್ಚೇನಿಲ್ಲ: ಗಾಳಿಯಲ್ಲಿನ ಕಣ ಎಣಿಸುವ ಪಿಎಂಎಸ್ 5003 ಸೆನ್ಸರ್, ಅದರ ಅಂಕಿ ಓದಲು ಇಎಸ್‌ಪಿ 32 ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಮಳೆ ತಾಗದಂತೆ ಬೋರಲು ಹಾಕಿದ ಪ್ಲಾಸ್ಟಿಕ್ ಡಬ್ಬ.

ಮೊದಲ ವಾರದ ಗ್ರಾಫ್‌ಗಳನ್ನೆಲ್ಲ ಅಳಿಸಿದ್ದೇನೆ. 0.1 ಲೀಟರ್ ಗಾಳಿಯಲ್ಲಿ 0.3, 0.5, 1, 2.5, 5 ಮತ್ತು 10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದೊಡ್ಡ ಕಣಗಳು ಎಷ್ಟೆಷ್ಟು ಎಂದು ಸೆನ್ಸರ್ ಆರು ಅಂಕಿ ಕೊಡುತ್ತದೆ. ಮೊದಲನೆಯದರೊಳಗೇ ಉಳಿದ ಐದೂ ಸೇರಿವೆ. ಒಂದರಿಂದ ಮುಂದಿನದನ್ನು ಕಳೆಯಬೇಕಿತ್ತು, ನಾನು ಪೆದ್ದನಂತೆ ಎಲ್ಲವನ್ನೂ ಕೂಡಿಸುತ್ತಿದ್ದೆ.

ಶನಿವಾರ ಅಮ್ಮ ಮಹಡಿ ಗುಡಿಸಿದರು. ಬಿಸಿಲಿನಲ್ಲಿ ಕಣ್ಣಿಗೆ ಕಾಣುವಷ್ಟು ಧೂಳೆದ್ದರೂ 5 ಮೈಕ್ರಾನ್‌ನ ಅಂಕಿ ಮಿಸುಕಲಿಲ್ಲ. "ಧೂಳೇ ಕಾಣದ ಧೂಳಿನ ಯಂತ್ರವೇನೋ ಇದು?" ಎಂದರು. ಅನುಮಾನ ಬಂದು ಊದುಬತ್ತಿ ಹಚ್ಚಿ ಹತ್ತಿರ ಹಿಡಿದೆ. 0.3ರ ಅಂಕಿ ಜಿಗಿಯಿತು, ಅದು ಸರಿ. ಆದರೆ 2.5 ಮತ್ತು 5ರ ಅಂಕಿಗಳೂ ಅದರ ಬಾಲ ಹಿಡಿದು ಏರಿದವು! ಊದುಬತ್ತಿಯ ಹೊಗೆಯಲ್ಲಿ ಬಹುಪಾಲು ಕಣಗಳು 1 ಮೈಕ್ರಾನ್‌ಗಿಂತ ಚಿಕ್ಕವು. ಅಂದರೆ ಈ ಸೆನ್ಸರ್ ದೊಡ್ಡ ಕಣಗಳನ್ನು ಎಣಿಸುತ್ತಲೇ ಇಲ್ಲ. ಚಿಕ್ಕವುಗಳನ್ನು ನೋಡಿ ದೊಡ್ಡವನ್ನು ಅಂದಾಜಿಸುತ್ತಿದೆ. 10 ಮೈಕ್ರಾನ್‌ನ ಒಂದು ಕಣದ ತೂಕ 1 ಮೈಕ್ರಾನ್‌ನ ಸಾವಿರ ಕಣಗಳಷ್ಟು. ಹಾಗಿರುವಾಗ ಪರದೆಯ ಮೇಲಿನ ಪಿಎಂ 10, ಅಂದರೆ ಗಾಳಿಯಲ್ಲಿ 10 ಮೈಕ್ರಾನ್‌ವರೆಗಿನ ಕಣಗಳ ಒಟ್ಟು ತೂಕದ ಅಂಕಿ, ಬರೀ ಅಲಂಕಾರ.

ಬೆಳಗಿನ ಆರರ ಹೊತ್ತಿಗೆ ಸೆನ್ಸರಿನ ಅಂಕಿಗಳು ಏರುವುದನ್ನೂ ಸದ್ಯಕ್ಕೆ ನಂಬುತ್ತಿಲ್ಲ. ಮಂಜಿನ ಹೊತ್ತಿನಲ್ಲಿ ಕಣಗಳು ತೇವ ಹೀರಿ ಉಬ್ಬುತ್ತವೆ. ಆರ್ದ್ರತೆ ಅಳೆಯಲು ಬಿಎಂಇ 280 ಜೋಡಿಸಿದ್ದೇನೆ.

ಭಾನುವಾರ ಗಾಜಿನ ಸ್ಲೈಡಿಗೆ ವ್ಯಾಸಲೀನ್ ತೆಳ್ಳಗೆ ಸವರಿ ಎರಡು ಗಂಟೆ ಮಹಡಿಯಲ್ಲಿಟ್ಟೆ. ಮಗಳ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸೆನ್ಸರ್ ಇಲ್ಲವೆಂದ ಧೂಳೆಲ್ಲ ಅಲ್ಲಿದೆ: ಮೊನಚಾದ ಮರಳಿನ ಚೂರುಗಳು, ಬಟ್ಟೆಯ ಎಳೆ, ಉರುಟಾದ ಒಂದು ಪರಾಗ. ಅಳತೆಗೋಲಾಗಿ ಪಕ್ಕದಲ್ಲಿ ತಲೆಕೂದಲನ್ನು ಇಟ್ಟಿದ್ದೆ. ನನ್ನದು ದಪ್ಪ, ಮಗಳದು ತೆಳು, ಯಾವುದನ್ನು ನಂಬಲಿ? ಸ್ಟೇಜ್ ಮೈಕ್ರೋಮೀಟರ್, ಅಂದರೆ ಸೂಕ್ಷ್ಮ ಅಳತೆಗೆರೆಗಳಿರುವ ಗಾಜಿನ ಸ್ಲೈಡ್, ತರಿಸುತ್ತಿದ್ದೇನೆ.

ಸ್ಲೈಡಿನದೂ ಪಕ್ಷಪಾತವೇ. 10 ಮೈಕ್ರಾನ್‌ನ ಕಣ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಇಳಿಯುತ್ತದೆ, 1 ಮೈಕ್ರಾನ್‌ನದು ಅದರ ನೂರರಲ್ಲೊಂದು ಪಾಲು ವೇಗದಲ್ಲಿ. ಚಿಕ್ಕವು ಗಾಳಿಯಲ್ಲೇ ತೇಲಿ ಹೋಗುತ್ತವೆ. ಹಾಗಾಗಿ ಮುಂದಿನ ವಾರ ಅಕ್ವೇರಿಯಂ ಪಂಪಿನಿಂದ ಗಾಳಿ ಎಳೆದು, ಸಿರಿಂಜಿನ ಸೂಜಿಯ ಮೂಲಕ ಸ್ಲೈಡಿಗೆ ಬಡಿಸುವ ಪ್ರಯತ್ನ. ಪಂಪ್ ಗೊರಗುಟ್ಟುತ್ತದೆ, ರಾತ್ರಿ ಓಡಿಸಬೇಕಾದರೆ ಅಮ್ಮನ ಒಪ್ಪಿಗೆ ಪಡೆಯಬೇಕು.